ಅಂಕಿಗಳ ಸಾಲಿನಲ್ಲಿ ಅಡಗಿದ ಆಜ್ಞೆಗಳು

ಪಾಂಡವಪುರದ ರೈತರೊಬ್ಬರ ಕಬ್ಬಿನ ಗಾಡಿ ಎಲೆಕ್ಟ್ರಾನಿಕ್ ತೂಕದ ಯಂತ್ರದ ಮೇಲೆ ನಿಂತಿದೆ ಎಂದುಕೊಳ್ಳಿ. ಗಾಡಿಯ ತೂಕ ಕಳೆಯುವ ಲೆಕ್ಕದ ಮೇಲೆ ಅವರಿಗೆ ಅನುಮಾನ. ಮೂಲ ಪ್ರೋಗ್ರಾಂ ಕಳೆದುಹೋಗಿದೆ. ಉಳಿದಿರುವುದು ಚಿಪ್ಪಿನೊಳಗಿನ ಅಂಕಿಗಳಷ್ಟೆ. ಅವನ್ನು ಓದಬಹುದಾದ ಆಜ್ಞೆಗಳಾಗಿ ಬಿಡಿಸಿಕೊಡುವುದೇ ಡಿಸ್‌ಅಸೆಂಬ್ಲರ್.

ಅದರ ಬಳಿ ಇರುವುದು ಒಂದು ಕೋಷ್ಟಕ. ಇಂಟೆಲ್ 8085 ಚಿಪ್ಪಿನಲ್ಲಿ ‘3ಇ 06 05’ ಎಂದಿದ್ದರೆ, ‘ಎ ರಿಜಿಸ್ಟರಿಗೆ 06 ಹಾಕು, ಬಿ ರಿಜಿಸ್ಟರಿನಿಂದ ಒಂದು ಕಳೆ’ ಎಂದರ್ಥ. ಒಂದೇ ಅಂಕಿ ಮುಂದೆ ಹೋಗಿ 06ರಿಂದ ಓದಲು ತೊಡಗಿದಿರೋ, ‘ಬಿಗೆ 05 ಹಾಕು’ ಎಂದಾಗಿಬಿಡುತ್ತದೆ!

ನಾಗಮಂಗಲ, ಕೃಷ್ಣರಾಜಪೇಟೆಗಳ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲಿ ಪ್ರಕಟಿಸಿದರು. ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ; ಬಿಡಿಸಿ ಓದುವ ಹೊಣೆ ಓದುವವರದು. ಇಲ್ಲಿಯೂ ಅದೇ ಪಾಡು. ಆದ್ದರಿಂದ ಒಳ್ಳೆಯ ಡಿಸ್‌ಅಸೆಂಬ್ಲರ್ ಚಿಪ್ಪು ಕೆಲಸ ಆರಂಭಿಸುವ 0000 ವಿಳಾಸದಿಂದಲೇ ಹೊರಟು, ‘ಇಂಥಲ್ಲಿಗೆ ಹಾರು’ ಎಂಬ ಆಜ್ಞೆಗಳ ಬೆನ್ನು ಹಿಡಿಯುತ್ತದೆ. ಇಲ್ಲವಾದರೆ ನಡುವೆ ಇಟ್ಟಿರುವ ತೂಕದ ಪಟ್ಟಿಯನ್ನೂ ಆಜ್ಞೆಯೆಂದೇ ಓದೀತು.

ಬರೆದವರು ಕೊಟ್ಟ ಹೆಸರುಗಳು, ಟಿಪ್ಪಣಿಗಳು ಮಾತ್ರ ಮರಳಿ ಬಾರವು. ಅವು ಚಿಪ್ಪಿಗೆ ಹೋಗಿಯೇ ಇರುವುದಿಲ್ಲ. ‘ಕಳೆ’ ಎಂಬ ಆಜ್ಞೆ ಸಿಕ್ಕಿದರೂ, ಕಳೆದದ್ದು ಗಾಡಿಯ ತೂಕವನ್ನೇ ಎಂದು ತಿಳಿಯಲು ಯಂತ್ರದ ಮೇಲೆ ಗೊತ್ತಾದ ತೂಕದ ಕಲ್ಲಿಟ್ಟು, ಸಾಲು ಸಾಲಾಗಿ ಮನುಷ್ಯನೇ ಓದಿ ತಾಳೆ ನೋಡಬೇಕು.