ಒಸಡಿನ ಬ್ಯಾಕ್ಟೀರಿಯಾ ಕದಿಯುವ ಸಕ್ಕರೆ

ಖಾರ್‌ಘರ್‌ನ ಆಕ್ಟ್ರೆಕ್ ಎಂದರೆ ಡೊಂಬಿವಲಿ, ಕಲ್ಯಾಣದ ನಮ್ಮವರಿಗೆ ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ಜಾಗ. ಅದು ಸಂಶೋಧನಾ ಕೇಂದ್ರವೂ ಹೌದು. ನಾಲಗೆಯ ಕ್ಯಾನ್ಸರ್ ಗಡ್ಡೆಗಳಲ್ಲಿ ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಎಂಬ ಬ್ಯಾಕ್ಟೀರಿಯಾ ಇರುವುದನ್ನು ಅಲ್ಲಿನ ಅಮಿತ್ ದತ್ ಅವರ ತಂಡ 2022ರಲ್ಲಿ ವರದಿ ಮಾಡಿತು. ಎಚ್‌ಪಿವಿ ಸೋಂಕಿಲ್ಲದ, ಆರಂಭಿಕ ಹಂತದ ರೋಗಿಗಳಲ್ಲಿ ಇದು ಕಂಡಲ್ಲಿ ಉರಿಯೂತ ಹೆಚ್ಚು, ಬದುಕುಳಿಯುವ ಸಾಧ್ಯತೆ ಕಡಿಮೆ. ಹಾಗೆಂದು ಇದೇ ಕ್ಯಾನ್ಸರಿಗೆ ಕಾರಣವೆನ್ನಲಾಗದು. ಗುಟ್ಕಾ ಜಗಿಯುವವರು ತಪ್ಪನ್ನು ಬ್ಯಾಕ್ಟೀರಿಯಾದ ತಲೆಗೆ ಕಟ್ಟುವಂತೆಯೂ ಇಲ್ಲ!

ಒಸಡಿನ ಸಂದಿಯಲ್ಲಿ ಬದುಕುವ ಈ ಜೀವಿ ತಿನ್ನುವುದಾದರೂ ಏನು? ಉತ್ತರದ ಒಂದು ಭಾಗ ಸಿಕ್ಕಿದ್ದು ಬೆಂಗಳೂರಿನಲ್ಲಿ. ನಮ್ಮ ಜೀವಕೋಶಗಳ ಮೇಲೆ, ಲೋಳೆಯಲ್ಲಿ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯಿದೆ. ಬ್ಯಾಕ್ಟೀರಿಯಾ ಅದನ್ನು ಒಳಗೆಳೆದುಕೊಂಡು, ಹಲವು ಕಿಣ್ವಗಳಿಂದ ಹಂತಹಂತವಾಗಿ ಒಡೆದು ಆಹಾರ ಮಾಡಿಕೊಳ್ಳುತ್ತದೆ. ಆ ಸಾಲಿನ ಒಂದು ಕಿಣ್ವ ನ್ಯಾನ್-ಇ. ಇನ್‌ಸ್ಟೆಮ್‌ನ ಎಸ್. ರಾಮಸ್ವಾಮಿ ಅವರ ತಂಡ ನ್ಯೂಜಿಲೆಂಡಿನ ವಿಜ್ಞಾನಿಗಳ ಜೊತೆಗೂಡಿ ಈ ಬ್ಯಾಕ್ಟೀರಿಯಾದ ಮತ್ತು ಕಾಲರಾ ರೋಗಾಣುವಿನ ನ್ಯಾನ್-ಇ ರಚನೆ, ಕೆಲಸದ ವೇಗ ಎರಡನ್ನೂ 2018ರಲ್ಲಿ ಪ್ರಕಟಿಸಿತು.

ನಾನು ಥಾಣೆ–ಬೇಲಾಪುರ ರಸ್ತೆಯ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿರುವವ. ನಮ್ಮಲ್ಲಿ ಏನೇ ಬದಲಾದರೂ ಮೊದಲು ತೂಕ ನೋಡುತ್ತೇವೆ. ಇಲ್ಲಿ ಆ ಉಪಾಯ ನಡೆಯದು. ನ್ಯಾನ್-ಇ ಮಾಡುವುದಿಷ್ಟೇ: ಸಕ್ಕರೆಯ ಒಂದೇ ಒಂದು ಇಂಗಾಲದ ಮೇಲಿರುವ ಗುಂಪಿನ ಮಗ್ಗುಲು ಬದಲಿಸುತ್ತದೆ. ಅಣುಗಳ ಲೆಕ್ಕ ಅದೇ, ತೂಕವೂ ಅದೇ. ಹೀಗಿರುವಾಗ ಮುಂದಿನ ಹಂತದ ಕಿಣ್ವವನ್ನೂ ಜೊತೆಗೆ ಹಾಕಿ, ಅದರ ಉತ್ಪನ್ನವನ್ನು ಅಳೆದು ಹಿಂದಿನದರ ವೇಗ ತಿಳಿಯುವುದು ಒಂದು ದಾರಿ.

ರಚನೆ ತಿಳಿಯುವ ಕೆಲಸವೇ ಬೇರೆ. ಪ್ರೋಟೀನನ್ನು ಶುದ್ಧಮಾಡಿ, ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಬೇಕು. ಹರಳು ಕಟ್ಟುವುದು ಹೆಪ್ಪು ಹಾಕಿದಷ್ಟು ಸುಲಭವಲ್ಲ; ಉಪ್ಪು, ಆಮ್ಲೀಯತೆ, ಉಷ್ಣತೆ ಬದಲಿಸುತ್ತಾ ನೂರಾರು ಬಾರಿ ಯತ್ನಿಸಬೇಕಾಗಬಹುದು. ಕಡೆಗೆ ಕಂಡದ್ದು ಪೀಪಾಯಿಯ ಆಕಾರ: ಒಳಗೆ ಎಂಟು ಪಟ್ಟಿಗಳ ಸುತ್ತು, ಹೊರಗೆ ಸುರುಳಿಗಳ ಸುತ್ತು. ಸಕ್ಕರೆ ಕೂರುವುದು ಪೀಪಾಯಿಯ ಬಾಯಲ್ಲಿ.

ಆ ಬಾಯಿಗೆ ಬಿರಡೆಯಂತೆ ಕೂರುವ ಅಣು ಸಿಕ್ಕರೆ ಔಷಧಿಯಾದೀತೇ? ಕಾಲರಾ ರೋಗಾಣುವಿನ ವಿಷಯದಲ್ಲಿ ನನಗೆ ಆಸೆಯಿದೆ. ಒಸಡಿನ ಜೀವಿಯ ವಿಷಯದಲ್ಲಿ ಅಷ್ಟಿಲ್ಲ. ಸಕ್ಕರೆ ಸಿಗದಿದ್ದರೂ ಅದು ಅಮೈನೊ ಆಮ್ಲಗಳನ್ನು ತಿಂದು ಬದುಕಬಲ್ಲದು.