ಕಾಂಡ್ಲಾ ವನದಲ್ಲಿ ಒಂದು ದಿನ

ನೀರೆಂದರೆ ಕೆರೆಯ ನೀರು, ಇಲ್ಲವೆ ಬಾವಿಯ ನೀರು. ನಮ್ಮ ಕ್ಯಾಲನೂರಿನ ಸುತ್ತಿನವರಿಗೆ ಮೂರನೆಯದರ ಪರಿಚಯವು ಕಡಮೆ. ವರ್ಷವಿಡೀ ಹರಿಯುವ ನದಿಯೊಂದೂ ಕೋಲಾರದ ಸೀಮೆಯಲ್ಲಿಲ್ಲವೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಇಂತಹ ಸೀಮೆಯಲ್ಲಿ ಹುಟ್ಟಿ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಪಾಧ್ಯಾಯನಾಗಿದ್ದ ನಾನು, ನೀರಿನ ವಿಷಯದಲ್ಲಿ ಹುಡುಗರಿಗೆ ಹೇಳಿದ ಪಾಠವು ಒಂದೇ: ‘ಕೆರೆಯ ಕಡೆಗೆ ಹೋಗಬೇಡಿರಿ.’ ಆ ಪಾಠವು ಸಾಲದೆಂಬುದು, ಅರುವತ್ತನೆಯ ವಯಸ್ಸಿನಲ್ಲಿ, ಕರಾವಳಿಯ ಹಿನ್ನೀರಿನ ಕೆಸರಿಗೆ ಸಿಕ್ಕಿ ಕುಳಿತಿದ್ದಾಗ ನನಗೆ ಮನದಟ್ಟಾಯಿತು.

ನಿವೃತ್ತರಾದ ನಾವು ನಾಲ್ವರು ಗೆಳೆಯರು, ಮನೆಯವರನ್ನೂ ಮೊಮ್ಮಕ್ಕಳನ್ನೂ ಕೂಡಿಕೊಂಡು ಒಟ್ಟು ಹನ್ನೆರಡು ಮಂದಿಯಾಗಿ, ಕಳೆದ ಪುಷ್ಯಮಾಸದಲ್ಲಿ ಉಡುಪಿಗೆ ಯಾತ್ರೆ ಹೊರಟೆವು. ಶ್ರೀಕೃಷ್ಣನ ದರ್ಶನವಾದ ಮೇಲೆ, ಅಲ್ಲಿಂದ ಉತ್ತರಕ್ಕೆ 20 ಕಿಲೋಮೀಟರಿಗಿಂತ ಸ್ವಲ್ಪ ದೂರದಲ್ಲಿರುವ ಸಾಲಿಗ್ರಾಮಕ್ಕೆ ಹೋಗಿ ಗುರುನರಸಿಂಹಸ್ವಾಮಿಗೆ ಕೈಮುಗಿದೆವು. ಆ ಊರಿಗೆ ಸೇರಿದ ಪಾರಂಪಳ್ಳಿಯಲ್ಲಿ ಸೀತಾನದಿಯ ಹಿನ್ನೀರು ಸಮುದ್ರತೀರಕ್ಕೆ ಸಮಾನಾಂತರವಾಗಿ ಚಾಚಿಕೊಂಡಿದೆ. ಆಗುಂಬೆಯ ಕಡೆಯ ಘಟ್ಟದಲ್ಲಿ ಹುಟ್ಟುವ ಈ ನದಿಯು ಕೋಡಿಬೆಂಗ್ರೆಯ ಹತ್ತಿರ ಸುವರ್ಣಾನದಿಯೊಡನೆ ಕೂಡಿ ಕಡಲನ್ನು ಸೇರುತ್ತದೆ. ಈ ಹಿನ್ನೀರಿನಲ್ಲಿಯೇ ಯಾತ್ರಿಕರನ್ನು ಕಯಾಕ್ ಎಂಬ ಕಿರುದೋಣಿಗಳಲ್ಲಿ ಕರೆದುಕೊಂಡು ಹೋಗುವರು.

ಕಯಾಕ್ ನಮ್ಮ ದೇಶದ್ದಲ್ಲ. ಉತ್ತರಧ್ರುವದ ಸಮೀಪದ ಹಿಮಪ್ರದೇಶಗಳ ಜನರು, ಎಲುಬು ಮತ್ತು ಮರದ ಚೌಕಟ್ಟಿಗೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು ಬಿಗಿದು, ಬೇಟೆಗಾಗಿ ಇದನ್ನು ನಿರ್ಮಿಸಿಕೊಂಡರು. ಈಗಿನವುಗಳನ್ನು ಹೆಚ್ಚಾಗಿ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಕುಳಿತವನ ಸೊಂಟವು ನೀರಿನ ಮಟ್ಟಕ್ಕೇ ಇರುವುದು. ಎರಡು ತುದಿಗೂ ಅಲಗುಳ್ಳ ಒಂದೇ ಹುಟ್ಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಹಿಂದೆ ತಳ್ಳಬೇಕು. ಇಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. ಲೈಫ್ ಜಾಕೆಟನ್ನು ತೊಟ್ಟು, ಒಂದೊಂದು ದೋಣಿಗೆ ಇಬ್ಬಿಬ್ಬರಂತೆ ಆರು ದೋಣಿಗಳಲ್ಲಿ ನಾವು ಕುಳಿತೆವು. ನನ್ನ ಮುಂದೆ ಹತ್ತು ವರ್ಷದ ಮೊಮ್ಮಗಳು. ದಾರಿ ತೋರಿಸುವ ತರುಣನು ಏಳನೆಯ ದೋಣಿಯಲ್ಲಿ ಮುಂದೆ ಹೊರಟನು.

ಉಬ್ಬರದ ನೀರು ಒಳಕ್ಕೆ ನುಗ್ಗುತ್ತಿದ್ದ ಹೊತ್ತಾದುದರಿಂದ ಹೋಗುವುದು ಕಷ್ಟವಾಗಲಿಲ್ಲ. ಅರ್ಧಗಂಟೆಯೊಳಗೆ ತೋಡು ಕಿರಿದಾಯಿತು. ಎರಡು ಕಡೆಯ ಮರಗಳೂ ತಲೆಯ ಮೇಲೆ ಕೈಹಿಡಿದುಕೊಂಡಂತೆ ಬಾಗಿದವು. ಇದೇ ಕಾಂಡ್ಲಾ ವನ. ಒಂದು ಜಾತಿಯ ಮರವು ಕಾಂಡದಿಂದಲೇ ಊರುಗೋಲುಗಳಂತಹ ಬೇರುಗಳನ್ನು ಇಳಿಬಿಟ್ಟು ಕೆಸರಿನ ಮೇಲೆ ನಿಂತಿರುತ್ತದೆ. ಇನ್ನೊಂದರ ಬೇರುಗಳು ನೆಲದಿಂದ ಮೇಲಕ್ಕೆ ಸೀಸದಕಡ್ಡಿಗಳಂತೆ ಚುಚ್ಚಿಕೊಂಡು ಬರುತ್ತವೆ. ಕೆಸರಿನಲ್ಲಿ ಪ್ರಾಣವಾಯು ದುರ್ಲಭವಾದುದರಿಂದ ಅದು ಈ ಬೇರುಗಳ ಮೂಲಕವೇ ಉಸಿರಾಡುವುದು. ಹೀರಿದ ಉಪ್ಪನ್ನು ಅದು ಎಲೆಗಳಿಂದ ಹೊರಹಾಕುತ್ತದೆ. ಎಲೆಯನ್ನು ನಾಲಗೆಗೆ ಮುಟ್ಟಿಸಿದರೆ ಉಪ್ಪು ತಿಳಿಯುವುದು.

‘ತಾತ, ಈ ಮರಕ್ಕೆ ನುಗ್ಗೆಕಾಯಿ ಬಿಟ್ಟಿದೆ!’ ಎಂದಳು ಮಗು. ನೋಡಲು ಹಾಗೆಯೇ ಇದ್ದರೂ ಅದು ಕಾಯಲ್ಲ, ಸಸಿ. ಬೀಜವು ಕೆಸರಿಗೆ ಬಿದ್ದರೆ ಕೊಚ್ಚಿಹೋದೀತೆಂದು, ತಾಯಿಮರವು ಅದನ್ನು ಕೊಂಬೆಯಲ್ಲಿಯೇ ಮೊಳೆಯಿಸಿ, ನೆಲದಲ್ಲಿ ನಾಟಿಕೊಳ್ಳುವ ಶಕ್ತಿ ಬಂದ ಮೇಲೆಯೇ ಕೆಳಕ್ಕೆ ಬಿಡುತ್ತದೆ. ಈ ಮಾತನ್ನು ಮುಂದೆ ನಾನು ನೆನೆಯಬೇಕಾಯಿತು.

ಈ ಬೇರುಗಳ ಸಂದಿಯಲ್ಲಿ ಮೀನು, ಸಿಗಡಿ, ಏಡಿಗಳ ಮರಿಗಳು ಬೆಳೆಯುತ್ತವೆ. ದಂಡೆಯ ಮಣ್ಣು ಕೊಚ್ಚಿಹೋಗದೆ ನಿಲ್ಲುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ತಮಿಳುನಾಡಿನ ಪಿಚ್ಚಾವರದಲ್ಲಿ ಇಂತಹ ವನದ ಮರೆಯಲ್ಲಿದ್ದ ಹಳ್ಳಿಗಳಿಗೆ ಹಾನಿಯು ಕಡಮೆಯಾಯಿತು. 2021ರ ಅರಣ್ಯಸಮೀಕ್ಷೆಯಂತೆ ಭಾರತದಲ್ಲಿ ಈ ವನಗಳ ವಿಸ್ತಾರವು 4,992 ಚದರ ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು ಕೇವಲ 13. ಇರುವುದು ಅಲ್ಪವಾದುದರಿಂದಲೇ ಅದರ ರಕ್ಷಣೆಯು ಅಗತ್ಯ.

ಮಧ್ಯಾಹ್ನಕ್ಕೆ ಮುಂಚೆ ಒಂದು ಚಿಕ್ಕ ದ್ವೀಪವನ್ನು ಮುಟ್ಟಿದೆವು. ಅಲ್ಲಿಯವರು ನದಿಯ ನಡುಗಡ್ಡೆಯನ್ನು ‘ಕುದ್ರು’ ಎನ್ನುತ್ತಾರೆ. ತೆಂಗಿನ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿ, ಹುಳಿಯನ್ನ ಮೊಸರನ್ನಗಳನ್ನು ತೃಪ್ತಿಯಾಗಿ ಉಂಡೆವು. ಉಂಡ ಮೇಲೆ ಮೇಷ್ಟರ ನಾಲಗೆಯು ಸುಮ್ಮನಿರುವುದೆ? ‘ವೇಲಾ’ ಎಂಬ ಸಂಸ್ಕೃತ ಶಬ್ದವನ್ನು ಹಿಡಿದುಕೊಂಡೆ. ಕಡಲನೀರಿನ ವಿಕಾರ, ಕಾಲ, ಮರ್ಯಾದೆ ಎಂದರೆ ಎಲ್ಲೆ, ಹೀಗೆ ಮೂರು ಅರ್ಥಗಳನ್ನು ಅಮರಸಿಂಹನು ಅದಕ್ಕೆ ಹೇಳಿದ್ದಾನೆಂದೂ, ನಮ್ಮ ‘ವೇಳೆ’ಯು ಅದರಿಂದಲೇ ಬಂದುದೆಂದೂ ವಿಸ್ತಾರವಾಗಿ ವಿವರಿಸಿದೆ. ತರುಣನು ಎರಡು ಸಲ ಬಂದು, ‘ಮಾಷ್ಟ್ರೇ, ಹೊತ್ತಾಯ್ತ್, ನೀರ್ ಇಳುಕೆ ಸುರು ಆಯ್ತ್’ ಎಂದನು. ‘ಇದೊಂದು ಮಾತು ಮುಗಿಯಲಿ, ಅಪ್ಪಾ’ ಎಂದೆನು. ವೇಲೆಯ ವ್ಯಾಖ್ಯಾನದಲ್ಲಿ ವೇಳೆಯನ್ನು ಮರೆತವನು ನಾನೇ!

ನಾವು ಹೊರಟಾಗ ಎರಡೂವರೆ ಗಂಟೆ ಮೀರಿತ್ತು. ಅಮಾವಾಸ್ಯೆಯ ಮರುದಿನವಾದುದರಿಂದ ಇಳಿತವು ಬಲವಾಗಿತ್ತು. ಬೆಳಗ್ಗೆ ದಾರಿಯಾಗಿದ್ದ ತೋಡಿನಲ್ಲಿ ಈಗ ನೀರಿನ ಒಂದು ಎಳೆ ಮಾತ್ರ ಉಳಿದಿತ್ತು. ಮೊದಲ ನಾಲ್ಕು ದೋಣಿಗಳು ಹೇಗೋ ದಾಟಿದವು. ಭಾರವಾಗಿದ್ದ ನಮ್ಮದೂ ನಮ್ಮ ಹಿಂದಿನದೂ ಕೆಸರಿನಲ್ಲಿ ಕುಳಿತುಬಿಟ್ಟವು. ಹುಟ್ಟನ್ನು ಊರಿದರೆ ಅದೂ ಹೂತುಕೊಳ್ಳುತ್ತಿತ್ತು. ಹೊತ್ತು ಪಶ್ಚಿಮಕ್ಕೆ ಇಳಿಯುತ್ತಿತ್ತು. ಮಗುವು ಹಿಂದಿರುಗಿ ನೋಡಿ, ‘ತಾತ, ನೀರು ಮತ್ತೆ ಯಾವಾಗ ಬರುತ್ತೆ?’ ಎಂದು ಕೇಳಿದಳು. ವೇಲೆಯ ಮೂರು ಅರ್ಥಗಳನ್ನು ಬಲ್ಲ ನನಗೆ ಉತ್ತರವು ತಿಳಿಯದು. ಅವಳ ತುಟಿಯು ನಡುಗುತ್ತಿತ್ತು. ನನ್ನ ಕೈಯೂ ಸ್ಥಿರವಾಗಿರಲಿಲ್ಲ.

ಉತ್ತರವನ್ನು ಕೊಟ್ಟವನು ಆ ತರುಣನು. ಮೊಣಕಾಲಿನವರೆಗೆ ಕೆಸರಿಗಿಳಿದು, ಉಸಿರುಬೇರುಗಳನ್ನು ತುಳಿಯದಂತೆ ನಡೆಯುತ್ತ ನಮ್ಮ ಕಡೆಗೆ ಬಂದನು. ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವುದು. ಪ್ರತಿದಿನವೂ ಅದು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗುವುದು. ಆದುದರಿಂದ ತಿಥಿಯನ್ನು ಎಣಿಸಿದರೆ ನೀರಿನ ಹೊತ್ತು ತಿಳಿಯುವುದೆಂದು ಹೇಳುತ್ತಲೇ ಬೆರಳು ಮಡಚಿ ಲೆಕ್ಕಹಾಕಿ, ನೀರು ಮತ್ತೆ ಏರುವ ಹೊತ್ತನ್ನು ಮಗುವಿಗೆ ತಿಳಿಸಿದನು. ಪ್ರತಿದಿನವೂ ಪಂಚಾಂಗವನ್ನು ನೋಡುವ ನನಗೆ ತಿಥಿಯ ಈ ಉಪಯೋಗವು ತಿಳಿದಿರಲಿಲ್ಲ! ಹೊತ್ತು ಗೊತ್ತಾದೊಡನೆ ಮಗುವಿನ ಭಯವು ಅರ್ಧ ಇಳಿಯಿತು. ಅನಂತರ ಅವನು ದೋಣಿಗಳನ್ನು ಒಂದೊಂದಾಗಿ ಆಳದ ನೀರಿಗೆ ಎಳೆದು ಬಿಟ್ಟನು. ಸೂರ್ಯಾಸ್ತದ ಹೊತ್ತಿಗೆ ದಡವನ್ನು ಮುಟ್ಟಿದೆವು. ಅವನಿಗೆ ಕೈಮುಗಿದು, ‘ತಪ್ಪು ನನ್ನದಪ್ಪಾ’ ಎಂದು ಒಪ್ಪಿಕೊಂಡೆನು.

ಊರಿಗೆ ಬಂದ ಮೇಲೂ ಇದೇ ಯೋಚನೆ. 2018ರಿಂದ ಈಚೆಗೆ, ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಅನೇಕ ಕೆರೆಗಳಿಗೆ ಬಂದಿದೆ. ಆ ನೀರಿನ ಗುಣದೋಷಗಳ ಚರ್ಚೆಯು ಬೇರೆ. ಕೆರೆಯ ಅಂಗಳದಲ್ಲಿ ಚೆಂಡಾಡಿ ಬೆಳೆದ ಮಕ್ಕಳ ಮುಂದೆ ಈಗ ಆಳವಾದ ನೀರು ನಿಂತಿದೆ. ಹೊಲಗಳಲ್ಲಿ ಕೃಷಿಹೊಂಡಗಳೂ ಇವೆ. ಅವುಗಳಲ್ಲಿ ಮಕ್ಕಳು ಮುಳುಗಿದ ವಾರ್ತೆಯನ್ನು ಓದುವಾಗ ಎದೆ ನಡುಗುತ್ತದೆ. ‘ಹೋಗಬೇಡ’ ಎಂಬ ಮಾತೊಂದರಿಂದ ಯಾವ ಮಗುವೂ ನೀರಿನಿಂದ ದೂರ ಉಳಿಯದು.

ಕಾಂಡ್ಲಾ ಮರವು ಸಸಿಯನ್ನು ನೀರಿನಿಂದ ಶಾಶ್ವತವಾಗಿ ದೂರವಿಡುವುದಿಲ್ಲ. ನೀರಿಗೆ ತಕ್ಕ ಶಕ್ತಿಯನ್ನು ಕೊಟ್ಟು ನೀರಿಗೇ ಬಿಡುತ್ತದೆ. ಗೃಹಸ್ಥರಾದ ನಾವೂ ಹಾಗೆಯೇ ಮಾಡಬೇಕು. ಬಲ್ಲವರ ಕೈಯಲ್ಲಿ ಮಕ್ಕಳಿಗೆ ಈಜನ್ನು ಕಲಿಸೋಣ. ನಮ್ಮೂರ ಕೆರೆಯ ಆಳವೆಲ್ಲಿ, ಕೆಸರೆಲ್ಲಿ, ತೂಬೆಲ್ಲಿ ಎಂಬುದನ್ನು ದಡದ ಮೇಲೆ ಜೊತೆಯಲ್ಲಿ ನಡೆದು ತೋರಿಸೋಣ. ನನ್ನ ಮೊಮ್ಮಗಳು ಈ ಬೇಸಿಗೆಯಲ್ಲಿ ಈಜು ಕಲಿಯಲು ಹೋಗುವವಳಿದ್ದಾಳೆ. ಅರುವತ್ತಾದ ತಾತನೂ ಕಲಿಯಬೇಕೆಂದು ಅವಳ ಹಟ, ಒಪ್ಪಿಕೊಂಡಿದ್ದೇನೆ.