ಮಲ್ಲಿಗೆಯ ಕಂಪು ಮಾಯವಾದ ದಿನಗಳು

ಹೂವಿನಹಡಗಲಿ ತಾಲ್ಲೂಕೆಂದರೆ ಮಲ್ಲಿಗೆಯ ಸೀಮೆ. ಹಿರೇಹಡಗಲಿಯ ಕಡೆ ಬೇಸಿಗೆ ಬಂತೆಂದರೆ ಮಲ್ಲಿಗೆಯ ಸುದ್ದಿಯನ್ನು ಕಣ್ಣಿಗಿಂತ ಮೊದಲು ಮೂಗೇ ಹೇಳುತ್ತದೆ. ಆದರೆ 2020 ಮತ್ತು 2021ರಲ್ಲಿ ಹೂವನ್ನು ಮೂಗಿಗೇ ಹಿಡಿದರೂ ವಾಸನೆ ತಿಳಿಯದವರು ನಾಡಿನ ಎಷ್ಟೋ ಮನೆಗಳಲ್ಲಿದ್ದರು. ಅದು ಕೊರೊನಾ ಸೋಂಕಿನ ಒಂದು ಮುಖ್ಯ ಲಕ್ಷಣ.

ಹೀಗೇಕಾಯಿತು? ಮೂಗಿನ ಒಳಗೆ ಮೇಲ್ಭಾಗದಲ್ಲಿ ವಾಸನೆ ಗ್ರಹಿಸುವ ನರಕೋಶಗಳಿವೆ. ಅವುಗಳಿಗೆ ಆಸರೆಯಾಗಿ ಬೇರೆ ಕೋಶಗಳಿವೆ. ವೈರಸ್ಸು ಮುಖ್ಯವಾಗಿ ಈ ಆಸರೆಯ ಕೋಶಗಳನ್ನೇ ಕೆಡಿಸುತ್ತದೆ. ಅವು ಮತ್ತೆ ಬೆಳೆಯುವುದರಿಂದ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ವಾಸನೆ ಮರಳಿತು. ಕೆಲವರಿಗೆ ತಿಂಗಳುಗಳೇ ಹಿಡಿದವು.

ಸೋಂಕು ಶ್ವಾಸಕೋಶಕ್ಕೆ ಇಳಿದರೆ ಅಪಾಯ ಹೆಚ್ಚು. ಅಲ್ಲಿನ ಪುಟ್ಟ ಗಾಳಿಚೀಲಗಳಲ್ಲಿ ದ್ರವ ತುಂಬಿ, ರಕ್ತಕ್ಕೆ ಆಮ್ಲಜನಕ ಸಾಲದಾಗುತ್ತದೆ. ದೇಶದ ಮೊದಲ ಕೊರೊನಾ ಸಾವು ವರದಿಯಾದದ್ದು 2020ರ ಮಾರ್ಚಿನಲ್ಲಿ, ನಮ್ಮ ಕಲಬುರಗಿಯಿಂದ. 2021ರ ಎರಡನೇ ಅಲೆಯಲ್ಲಂತೂ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆಮ್ಲಜನಕವೂ ಆಸ್ಪತ್ರೆಗಳಿಗೆ ಹೋಗಬೇಕಾಯಿತು.

ರೋಗ ತಗಲದವರ ಬದುಕೂ ಬದಲಾಯಿತು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದಾಗ ಮಲ್ಲಿಗೆಯ ಸುಗ್ಗಿ. ಗುಡಿಗಳ ಬಾಗಿಲು ಮುಚ್ಚಿ, ಮದುವೆಗಳು ಮುಂದೆ ಹೋಗಿ, ಹೂವಿಗೆ ಗಿರಾಕಿಯೇ ಇಲ್ಲದಂತಾಯಿತು. ಹೂ ಬೆಳೆಗಾರರಿಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ 25,000 ರೂಪಾಯಿ ಪರಿಹಾರ ಘೋಷಿಸಿತು.

ಮಕ್ಕಳ ನಷ್ಟಕ್ಕೆ ಮಾತ್ರ ಲೆಕ್ಕ ಹಾಕುವುದು ಕಷ್ಟ. ಶಾಲೆ ಮುಚ್ಚಿದಾಗ ಮೊಬೈಲ್ ಇದ್ದವರಿಗೆ ಪಾಠ, ಇಲ್ಲದವರಿಗೆ ಹೊಲದ ಕೆಲಸ ಎಂಬಂತಾಯಿತು. 2020ರ ಆಗಸ್ಟಿನಲ್ಲಿ 'ವಿದ್ಯಾಗಮ' ಯೋಜನೆಯಡಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳಲ್ಲಿ ಪಾಠ ಮಾಡಿದರು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನಗಳಲ್ಲಿ ಮುಗಿಯಿತು. ಕಲಿಕೆಯಲ್ಲಿ ಬಿದ್ದ ಕಂದಕವನ್ನು ತುಂಬಲು 2022-23ರಲ್ಲಿ 'ಕಲಿಕಾ ಚೇತರಿಕೆ' ಕಾರ್ಯಕ್ರಮವನ್ನೇ ನಡೆಸಬೇಕಾಯಿತು.

ಇನ್ನು ಆಗ ರೂಢಿಯಾದ ಅಭ್ಯಾಸಗಳ ಮಾತು. ಒಂದು ಮಿಲಿಮೀಟರ್ ಉದ್ದಕ್ಕೆ ಸಾಲಾಗಿ ಜೋಡಿಸಲು ಸುಮಾರು 10,000 ಕೊರೊನಾ ವೈರಸ್ಸುಗಳು ಬೇಕು. ಅಷ್ಟು ಸೂಕ್ಷ್ಮವಾದ ಇದರ ಹೊರಕವಚದಲ್ಲಿ ಕೊಬ್ಬಿನ ಪದರವಿದೆ. ಸೋಪಿನ ಅಣುವಿನ ಒಂದು ತುದಿ ನೀರನ್ನು, ಇನ್ನೊಂದು ತುದಿ ಕೊಬ್ಬನ್ನು ಹಿಡಿಯುತ್ತದೆ. ಎಣ್ಣೆಯ ಜಿಡ್ಡು ಬಿಡುವಂತೆಯೇ ವೈರಸ್ಸಿನ ಕವಚವೂ ಒಡೆದುಹೋಗುತ್ತದೆ. ಆದರೆ ಈ ರೋಗ ಹೆಚ್ಚಾಗಿ ಹರಡುವುದು ಉಸಿರಿನಿಂದ, ಅದೂ ಮುಚ್ಚಿದ ಕೋಣೆಗಳಲ್ಲಿ. ಆದ್ದರಿಂದ ಕೈ ತೊಳೆದರಷ್ಟೇ ಸಾಲದು. ತೆರೆದ ಕಿಟಕಿ, ಕೆಮ್ಮುವಾಗ ಬಾಯಿಗೆ ಅಡ್ಡ ಬಟ್ಟೆ ಇವೂ ಬೇಕು. ಊಟಕ್ಕೆ ಮುಂಚೆ ಕೈ ತೊಳೆಯುವುದು ವಾಂತಿಭೇದಿಯನ್ನೂ ದೂರವಿಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ವೈರಸ್ಸು ಮಾತ್ರ ಹೋಗಿಲ್ಲ. ಜ್ವರ ಬಂದ ಮಗುವನ್ನು 'ಹಾಜರಿ ತಪ್ಪುತ್ತದೆ' ಎಂದು ಶಾಲೆಗೆ ಅಟ್ಟುವ ರೂಢಿಯೂ ಹೋಗಿಲ್ಲ. ಪಾಲಕರು ಒಂದೆರಡು ದಿನ ಮನೆಯಲ್ಲಿ ಉಳಿಸಿಕೊಂಡರೆ ಇಡೀ ತರಗತಿಗೆ ಉಪಕಾರ. ತಪ್ಪಿದ ಪಾಠವನ್ನು ಗೆಳೆಯರ ನೋಟ್‌ಬುಕ್ಕಿನಿಂದ ಬರೆದುಕೊಳ್ಳಬಹುದು; ಕೆಟ್ಟ ಆರೋಗ್ಯವನ್ನು ಹಾಗೆ ತುಂಬಿಕೊಳ್ಳಲಾಗದು.